ನೂರು ಕೋಳಿಗೆ ಒಂದೇ ಸೀಸೆ: ಓಣಿಯವರು ಕೂಡಿ ಲಸಿಕೆ ಹಾಕಿಸುವ ಬಗೆ

ಕೋಳಿಗಳ ಕೊಕ್ಕರೆ ಬೇನೆಯ (ರಾಣಿಖೇತ್ ರೋಗ) ಲಸಿಕೆ ಸಾಮಾನ್ಯವಾಗಿ ಬರುವುದು 100 ಡೋಸಿನ ಸೀಸೆಯಲ್ಲಿ. ಒಮ್ಮೆ ಬೆರೆಸಿದರೆ ನಾಳೆಗೆ ಉಳಿಯದು. ಎಂಟು ಜವಾರಿ ಕೋಳಿ ಸಾಕಿದವರು ಒಬ್ಬರೇ ಹೋಗಿ ಕೇಳಿದರೆ ಪಶು ಆಸ್ಪತ್ರೆಯವರಾದರೂ ಹೇಗೆ ಸೀಸೆ ಒಡೆದಾರು? ಹತ್ತು-ಹನ್ನೆರಡು ಮನೆಯವರು ಕೂಡಿ ಒಂದು ದಿನ ಗೊತ್ತು ಮಾಡಿಕೊಳ್ಳಬೇಕು. ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯಲ್ಲಿ ಬೇಸಿಗೆ ಬಲಿಯುವ ಮುನ್ನ, ಊರ ದ್ಯಾಮವ್ವನ ಜಾತ್ರೆಗೆ ಮೂರು ವಾರವಾದರೂ ಇರುವಾಗ ಹಾಕಿಸುವುದು ಒಳ್ಳೆಯದು. ಜಾತ್ರೆ ಹತ್ತಿರ ಬಂದರೆ ಸಂತೆಯ ಹುಂಜಗಳು ಊರು ಹೊಗುತ್ತವೆ, ಬೇನೆಯೂ ಅವುಗಳ ಬೆನ್ನಿಗೇ ಬರುತ್ತದೆ. ಲಸಿಕೆಯ ಕಸುವು ಮೈಗೆ ಹತ್ತಲು ಎರಡು ವಾರ ಬೇಕು.

ವಾರ ಮೊದಲೇ ಒಂದು ಸಂಜೆ ಗುಡಿ ಕಟ್ಟೆಯ ಮೇಲೆ ಕೂತು ಪಟ್ಟಿ ಬರೆಯಿರಿ. ಯಾರ ಮನೆಯಲ್ಲಿ ಎಷ್ಟು ಎಂಬುದಷ್ಟೇ ಸಾಲದು, ವಯಸ್ಸೂ ಬೇಕು. ಚುಚ್ಚಿ ಹಾಕುವ ಆರ್‌2ಬಿ ಲಸಿಕೆ ಎಂಟು ವಾರ ದಾಟಿದ ಕೋಳಿಗೆ ಮಾತ್ರ. ಅದು ಖಡಕ್ ಲಸಿಕೆ, ಎಳೆಮರಿ ತಾಳುವುದಿಲ್ಲ. ಮರಿಗಳಿಗೆ ಲಾಸೋಟಾ ಎಂಬ ಸೌಮ್ಯ ಲಸಿಕೆ: ಏಳನೇ ದಿನದ ಹೊತ್ತಿಗೆ ಕಣ್ಣಿಗೋ ಮೂಗಿಗೋ ಒಂದು ಹನಿ, 28ನೇ ದಿನದ ಸುಮಾರಿಗೆ ಇನ್ನೊಮ್ಮೆ. ಪಟ್ಟಿಯನ್ನು 90 ಕೋಳಿಗೆ ನಿಲ್ಲಿಸಿ. ಹತ್ತು ಡೋಸು ಸಿರಿಂಜಿನಲ್ಲಿ, ನೆಲದ ಮೇಲೆ ಹೋಗಿಯೇ ಹೋಗುತ್ತದೆ. ಜಂತಿನ ಔಷಧ ಅದೇ ವಾರ ಕುಡಿಸಿಬಿಡಿ.

ಕಟ್ಟೆಗೆ ಜನ ಬರಲಿ, ಕೋಳಿ ಬರುವುದು ಬೇಡ. "ಬುಟ್ಟಿಯಲ್ಲಿ ಹಾಕಿಕೊಂಡು ಎಲ್ಲರೂ ಶಾಲೆ ಮುಂದೆ ಬನ್ನಿ" ಎಂದು ಡಂಗುರ ಸಾರುವುದು ಸುಲಭ, ಬೇನೆ ಹಂಚಲೂ ಅದಕ್ಕಿಂತ ಸುಲಭದ ದಾರಿಯಿಲ್ಲ. ರೋಗ ಹೊಕ್ಕ ಕೋಳಿ ಐದಾರು ದಿನ ಚಂದಾಗಿಯೇ ಮೇಯುತ್ತಿರುತ್ತದೆ. ಲಸಿಕೆ ಹಾಕುವವರೇ ಮನೆ ಮನೆಗೆ ಹೋಗಲಿ, ಮನೆಗೊಂದು ಹೊಸ ಸೂಜಿ ಇರಲಿ. ಹಸಿರು ಹಿಕ್ಕೆ, ತಿರುಚಿದ ಕತ್ತು, ತೇಕುವುದು ಕಂಡ ಮನೆಯನ್ನು ಅಂದು ಬಿಟ್ಟೇಬಿಡಿ. ಅಲ್ಲಿ ಚುಚ್ಚಿದರೆ ಹೇಗೂ ಸಾಯುವ ಕೋಳಿ ಮರುದಿನ ಸಾಯುತ್ತದೆ, ಕೆಟ್ಟ ಹೆಸರು ಲಸಿಕೆಗೆ. ಎಷ್ಟೋ ಊರುಗಳಲ್ಲಿ "ಸೂಜಿ ಹಾಕಿಸಿದರೆ ಕೋಳಿ ಸಾಯ್ತಾವ" ಎಂಬ ಮಾತು ಹುಟ್ಟಿದ್ದು ಹೀಗೆಯೇ.

ಹಿಂದಿನ ಸಂಜೆ ಐಸ್ ತುಂಬಿದ ಥರ್ಮಾಸಿನಲ್ಲಿ ಸೀಸೆ ತನ್ನಿ. ಅಂಗಿ ಕಿಸೆಯಲ್ಲಿಟ್ಟು ಬೈಕಿನಲ್ಲಿ ತಂದ ಲಸಿಕೆಯನ್ನು ಚುಚ್ಚುವುದೂ ನೀರು ಚುಚ್ಚುವುದೂ ಒಂದೇ. ಫ್ರಿಜ್ಜಿನ ನಡುವಿನ ಹಲಗೆಯ ಮೇಲಿಡಿ, ಬಾಗಿಲಿನಲ್ಲಿ ಬೇಡ. ಬೇಕಾದ ತಂಪು 2ರಿಂದ 8 ಡಿಗ್ರಿ. ಬೆರೆಸುವ ಸಲೈನ್ ಬಾಟಲಿಯೂ ರಾತ್ರಿಯೆಲ್ಲ ಪಕ್ಕದಲ್ಲೇ ಇರಲಿ. ಕೋಳಿಗಳನ್ನು ರಾತ್ರಿಯೇ ಗೂಡಿಗೋ ಬುಟ್ಟಿಯಡಿಗೋ ಹಾಕಿ. ಬೇವಿನ ಮರದ ಮೇಲೆ ಮಲಗಲು ಬಿಟ್ಟರೆ ಬೆಳಿಗ್ಗೆ ಅಟ್ಟಾಡಿಸಿ ಹಿಡಿಯುವಷ್ಟರಲ್ಲಿ ಬಿಸಿಲು ಬಂದಿರುತ್ತದೆ.

ಹೆಚ್ಚಿನವರು ಕೆಡಿಸುವುದು ಬೆರೆಸುವಾಗ. 100 ಡೋಸಿನ ಆರ್‌2ಬಿಗೆ 50 ಮಿಲಿ ಸಲೈನ್, ಕೋಳಿಗೆ ಅರ್ಧ ಮಿಲಿ, ಇದು ವಾಡಿಕೆಯ ಲೆಕ್ಕ. ಸೀಸೆಯ ಚೀಟಿಯಲ್ಲಿ ಬೇರೆ ಅಳತೆ ಇದ್ದರೆ ಅದನ್ನೇ ಹಿಡಿಯಿರಿ. ಅಂಗಡಿಯಲ್ಲಿ ಸಿಗುವುದು 100 ಮಿಲಿ ಬಾಟಲಿ. ಅದರಿಂದ ಮೊದಲೇ 50 ಮಿಲಿ ಹೊರಗೆ ತೆಗೆಯದೆ ಲಸಿಕೆ ಸುರಿದರೆ ಪ್ರತಿ ಕೋಳಿಗೂ ಅರ್ಧ ಡೋಸೇ ಸಿಕ್ಕೀತು. ನಮ್ಮ ಸೀಮೆಯ ಬೋರಿನ ಸವಳು ನೀರಾಗಲಿ, ಕ್ಲೋರಿನ್ ಹಾಕಿದ ನಳದ ನೀರಾಗಲಿ ಇದಕ್ಕೆ ಬೇಡವೇ ಬೇಡ.

ಸಿರಿಂಜಿನಲ್ಲಿ ಎರಡು-ಮೂರು ಮಿಲಿ ತಣ್ಣನೆ ಸಲೈನ್ ಎಳೆದು ಲಸಿಕೆ ಸೀಸೆಯ ಬಿರಡೆಗೆ ಚುಚ್ಚಿ. ಒಳ್ಳೆಯ ಸೀಸೆಯಾದರೆ ನೀರನ್ನು ತಾನೇ ಸೆಳೆದುಕೊಳ್ಳುತ್ತದೆ. ಸೆಳೆಯದಿದ್ದರೆ ಒಳಗೆ ಗಾಳಿ ಹೊಕ್ಕಿದೆ, ಬದಲಿಸಿ ತನ್ನಿ. ಒಣ ಬಿಲ್ಲೆ ಕರಗುವವರೆಗೆ ಮೆಲ್ಲಗೆ ತಿರುವಿ, ನೊರೆ ಬರುವಂತೆ ಕುಲುಕಬೇಡಿ. ಕರಗಿದ್ದನ್ನು ಎಳೆದು ಉಳಿದ ಸಲೈನಿಗೆ ಸೇರಿಸಿ. ಅದೇ ಸಲೈನಿನಿಂದ ಖಾಲಿ ಸೀಸೆಯನ್ನು ಎರಡು ಸಲ ತೊಳೆದು ಅದನ್ನೂ ಸೇರಿಸಿ, ಗೋಡೆಗೆ ಅಂಟಿದ ಲಸಿಕೆ ಕಡಿಮೆಯೇನಲ್ಲ. ಸಿರಿಂಜು, ಸೂಜಿಗೆ ಸ್ಪಿರಿಟ್, ಡೆಟಾಲ್ ತಾಕಬಾರದು: ಇದು ಜೀವಂತ ವೈರಾಣುವಿನ ಲಸಿಕೆ, ಸ್ಪಿರಿಟಿಗೆ ಅದೇ ಮೊದಲು ಸಾಯುತ್ತದೆ.

ಬೆರೆಸಿದ ಬಾಟಲಿ ಐಸ್ ಡಬ್ಬಿಯಲ್ಲೇ ಇರಲಿ, ಒಂದು ಗಂಟೆಯೊಳಗೆ ಮುಗಿಸಿ. ಆರಕ್ಕೆ ಶುರು ಮಾಡಿ ಏಳಕ್ಕೆ ಕೈ ತೊಳೆಯುವಂತಿರಬೇಕು. ಆದ್ದರಿಂದ ಒಂದೇ ಓಣಿಯ ಮನೆಗಳನ್ನಷ್ಟೇ ಪಟ್ಟಿಗೆ ಸೇರಿಸಿ. ಆಚೆ ಕೇರಿಗೆ ಇನ್ನೊಂದು ಸೀಸೆ, ಇನ್ನೊಂದು ದಿನ.

ಒಬ್ಬರು ಕೋಳಿ ಹಿಡಿದು ರೆಕ್ಕೆ ಎತ್ತಲಿ. ರೆಕ್ಕೆಯ ಬುಡದ ಸಡಿಲ ಚರ್ಮವನ್ನು ಚಿವುಟಿ ಎತ್ತಿ, ನೀಲಿ ನರ ತಪ್ಪಿಸಿ, ಸೂಜಿಯನ್ನು ಓರೆಯಾಗಿ ಒಳಗೆ ಬಿಡಿ. ತೆಳು ಚರ್ಮವಾದ್ದರಿಂದ ಸೂಜಿ ಆಚೆ ಬದಿಗೆ ತೂರಿ ಲಸಿಕೆ ಪುಕ್ಕಕ್ಕೆ ಬೀಳುವುದುಂಟು. ಬೆರಳಿಗೆ ಒದ್ದೆ ತಾಕಿದರೆ ಆ ಕೋಳಿಗೆ ಮತ್ತೆ ಹಾಕಿ. ನಿಮ್ಮ ಕಣ್ಣಿಗೆ ಸಿಡಿದರೆ ಕೆಂಪಾಗಿ ಉರಿಯುತ್ತದೆ, ಕೂಡಲೇ ತೊಳೆಯಿರಿ. ಕೈ ಕುದುರುವ ತನಕ ಪಶುವೈದ್ಯರೋ ತರಬೇತಿ ಪಡೆದ ಪಶು ಸಖಿಯೋ (ಊರಿನ ಪಶು ಆರೋಗ್ಯ ಕಾರ್ಯಕರ್ತೆ) ಜೊತೆಗಿರಲಿ.

ಕುಡಿಯುವ ನೀರಿಗೆ ಲಸಿಕೆ ಹಾಕಿ ಕೈ ತೊಳೆದುಕೊಳ್ಳುವ ಅಡ್ಡದಾರಿ ಫಾರಂ ಕೋಳಿಗೆ ಸರಿ. ಚರಂಡಿಯಲ್ಲೂ ಕಾಲುವೆಯಲ್ಲೂ ಕುಡಿಯುವ ಜವಾರಿಗಳು ನಿಮ್ಮ ಬೋಗುಣಿಗಾಗಿ ಕಾದಿರುವುದಿಲ್ಲ. ಸಂತೆಯಲ್ಲಿ "ಕೊಕ್ಕರೆ ಬೇನೆಗೆ ರಾಮಬಾಣ" ಎಂದು ಮಾರುವ ಬಣ್ಣದ ನೀರಿಗೆ, ಟೆಟ್ರಾಸೈಕ್ಲಿನ್ ಗುಳಿಗೆಗೆ ದುಡ್ಡು ಹಾಕಬೇಡಿ. ವೈರಾಣುವಿನ ಬೇನೆ ಅದು, ಬಂದ ಮೇಲೆ ಔಷಧವಿಲ್ಲ.

ಒಂದೆರಡು ದಿನ ಕೋಳಿ ಮಂಕಾಗಿರುತ್ತವೆ, ಬೆಲ್ಲದ ನೀರಿಡಿ. ಮೊಟ್ಟೆಯಿಡುವ ಹೇಂಟೆ ಕೆಲ ದಿನ ಮೊಟ್ಟೆ ಕಡಿಮೆ ಮಾಡಬಹುದು. ಇದನ್ನು ಕಟ್ಟೆಯ ಮೇಲೇ ಎಲ್ಲರಿಗೂ ಹೇಳಿಬಿಡಿ, ಇಲ್ಲದಿದ್ದರೆ ಮುಂದಿನ ಸಲ ಅರ್ಧ ಮನೆಯವರು ಬರುವುದಿಲ್ಲ. ಖಾಲಿ ಸೀಸೆ, ಉಳಿದ ಲಸಿಕೆಯನ್ನು ಕುದಿಸಿ ಸುಣ್ಣದ ಜೊತೆ ಹೂಳಿ, ಸೂಜಿಗಳನ್ನು ಡಬ್ಬಿಯಲ್ಲಿ ಆಸ್ಪತ್ರೆಗೆ ಮರಳಿಸಿ. ಪಟ್ಟಿಯ ವಹಿ ಕಿರಾಣಿ ಅಂಗಡಿಯಲ್ಲಿರಲಿ. ಯಾರ ಮನೆಯಲ್ಲಿ ಮರಿ ಒಡೆದರೂ ತಾರೀಖು ಅಲ್ಲೇ ಬರೆಸಿದರೆ ಮುಂದಿನ ಲಾಸೋಟಾ ಸೀಸೆ ಯಾವಾಗ ತರಬೇಕೆಂಬುದು ಅದರಿಂದಲೇ ಗೊತ್ತಾಗುತ್ತದೆ.