ಶಿರಸಿ ಸೆರಗಿನಲ್ಲಿ ಮನೆ ಮಾಡುವವರು ಜುಲೈನಲ್ಲೊಮ್ಮೆ, ಮೇನಲ್ಲೊಮ್ಮೆ ಜಾಗ ನೋಡಿ

ಶಿರಸಿ ಸುತ್ತಮುತ್ತ ಜಾಗ ನೋಡಲು ಬರುವವರು ಹೆಚ್ಚಾಗಿ ನವೆಂಬರ್‌ನಿಂದ ಫೆಬ್ರುವರಿಯೊಳಗೆ ಬರುತ್ತಾರೆ. ಆಗ ಗುಡ್ಡ ಹಸಿರು, ಬಾವಿ ತುಂಬಾ ನೀರು, ರಸ್ತೆ ಒಣಗಿರುತ್ತದೆ. ಅಷ್ಟನ್ನೇ ನೋಡಿ ಮುಂಗಡ ಕೊಡಬೇಡಿ. ಮಳೆ ನೀರು ಎಲ್ಲಿಗೆ ಹೋಗುತ್ತದೆ ಎಂದು ಜುಲೈನಲ್ಲಿ ನೋಡಬೇಕು, ಕುಡಿಯುವ ನೀರು ಎಲ್ಲಿಂದ ಬರುತ್ತದೆ ಎಂದು ಮೇ ತಿಂಗಳಲ್ಲಿ ನೋಡಬೇಕು. ಸಾಧ್ಯವಿದ್ದರೆ ಒಂದು ವರ್ಷ ಪಟ್ಟಣದಲ್ಲಿ ಬಾಡಿಗೆಗಿದ್ದು, ಆಮೇಲೆ ಖರೀದಿಯ ಮಾತು.

ಊರಿನ ಅನುಕೂಲ ದೊಡ್ಡದೇ. ಸಮುದ್ರಮಟ್ಟದಿಂದ ಸುಮಾರು 590 ಮೀಟರ್ ಎತ್ತರ ಇರುವುದರಿಂದ ಕಾರವಾರ, ಕುಮಟಾದ ಬೆವರು ಇಲ್ಲಿಲ್ಲ. ಬೇಸಿಗೆಗೂ ಫ್ಯಾನ್ ಸಾಕು. ಅಡಿಕೆ ವ್ಯಾಪಾರದ ಊರಾದ್ದರಿಂದ ಬ್ಯಾಂಕು, ಸಹಕಾರಿ ಸಂಘ, ದಿನಸಿ, ಹಾರ್ಡ್‌ವೇರ್ ಎಲ್ಲ ಕೈಗೆ ಸಿಗುತ್ತದೆ. ಕಾಲೇಜುಗಳಿವೆ, ಮಳೆಗಾಲ ಕಳೆದರೆ ಯಕ್ಷಗಾನ, ತಾಳಮದ್ದಳೆಗೆ ಬರವಿಲ್ಲ. ಕುಮಟಾದ ಕಡಲು ಸುಮಾರು 60 ಕಿ.ಮೀ.

ಹೆಚ್ಚು ಎಚ್ಚರ ಬೇಕಾದದ್ದು ಧರೆಯ, ಅಂದರೆ ಗುಡ್ಡ ಕಡಿದಾಗ ನಿಲ್ಲುವ ಮಣ್ಣಿನ ಗೋಡೆಯ ವಿಷಯದಲ್ಲಿ. ಇಳಿಜಾರು ಜಾಗವನ್ನು ಜೆಸಿಬಿಯಿಂದ ನೇರ ಕತ್ತರಿಸಿ ಸಪಾಟು ಸೈಟು ಮಾಡಿ ಮಾರುತ್ತಾರೆ. ಮೇಲ್ಗಡೆ ಗಟ್ಟಿ ಚೀರೆಕಲ್ಲಿನ (ಜಂಬಿಟ್ಟಿಗೆಯ) ಪದರ ಕಂಡಾಗ ಧರೆ ಭದ್ರವಾಗಿದೆ ಅನ್ನಿಸುತ್ತದೆ. ಆದರೆ ಚೀರೆಕಲ್ಲಿನ ಕೆಳಗೆ ಬಹಳ ಕಡೆ ಬಿಳಿ ಅಥವಾ ನಸುಗೆಂಪು ಶೇಡಿಮಣ್ಣು ಇರುತ್ತದೆ. ಕಲ್ಲಿನ ತೂತುಗಳಿಂದ ಇಳಿದ ನೀರು ಶೇಡಿಯ ಮೇಲೆ ನಿಂತು ಅದನ್ನು ಸಾಬೂನಿನಂತೆ ಜಾರಿಸುತ್ತದೆ, ಮೇಲಿನ ಕಲ್ಲು ಮರದ ಸಮೇತ ಕೆಳಗೆ ಬರುತ್ತದೆ. ಧರೆಯ ಬುಡದ ಮಣ್ಣು ಬೆರಳಲ್ಲಿ ಉಜ್ಜಿದರೆ ಹಿಟ್ಟಿನಂತೆ ನುಣ್ಣಗಿದ್ದರೆ, ಮಳೆ ನಿಂತ ಮೇಲೂ ಅಲ್ಲಿಂದ ಕೆಸರುನೀರು ಜಿನುಗುತ್ತಿದ್ದರೆ, ಮೇಲಿನ ಮರಗಳ ಬುಡ ಬಾಗಿದ್ದರೆ, ನೆತ್ತಿಯಲ್ಲಿ ಬಿರುಕು ಕಂಡರೆ ಆ ಸೈಟು ಬೇಡ. ಎಷ್ಟು ಅಗ್ಗವಾದರೂ ಬೇಡ.

ಉಳಿದ ಕಡೆಯೂ ಧರೆ ಎಷ್ಟು ಎತ್ತರವೋ ಕನಿಷ್ಠ ಅಷ್ಟು ದೂರ ಬಿಟ್ಟು ಮನೆ ಕಟ್ಟಿ. 10 ಅಡಿಗಿಂತ ಎತ್ತರದ ಧರೆಯನ್ನು ಮೆಟ್ಟಿಲು ಮೆಟ್ಟಿಲಾಗಿ ತೆಗೆಸಿ. ಧರೆಯ ನೆತ್ತಿಯ ಹಿಂದೆ ಒಂದು ಕಾಲುವೆ ತೋಡಿ ಗುಡ್ಡದ ನೀರನ್ನು ಪಕ್ಕಕ್ಕೆ ತಿರುಗಿಸಬೇಕು. ಇದಿಲ್ಲದೆ ಧರೆಗೆ ಆನಿಸಿ ಕಟ್ಟಿದ ಕಲ್ಲಿನ ಗೋಡೆ (ಪಿಚಿಂಗ್) ಬಹಳ ಬಾಳುವುದಿಲ್ಲ. ಪಿಚಿಂಗ್ ಗೋಡೆಯಲ್ಲಿ 4-5 ಅಡಿಗೊಂದರಂತೆ ಪೈಪು ಬಿಟ್ಟು ಹಿಂದುಗಡೆ ಜಲ್ಲಿ ತುಂಬಿಸಿ. ಗೋಡೆಯನ್ನು ಬೀಳಿಸುವುದು ಮಣ್ಣಿಗಿಂತ ಹೆಚ್ಚಾಗಿ ಹಿಂದೆ ಕಟ್ಟಿಕೊಂಡ ನೀರು. ಮಾಡಿನ (ಛಾವಣಿಯ) ನೀರನ್ನೂ ಲೆಕ್ಕಕ್ಕೆ ಹಿಡಿಯಿರಿ: ಸಾವಿರ ಚದರ ಅಡಿ ಮಾಡಿನ ಮೇಲೆ 100 ಮಿ.ಮೀ. ಮಳೆ ಬಿದ್ದರೆ 9,000 ಲೀಟರಿಗೂ ಹೆಚ್ಚು ನೀರು. ಆಷಾಢದಲ್ಲಿ ಒಂದೇ ದಿನಕ್ಕೆ ಅಷ್ಟು ಬೀಳುವುದು ಅಪರೂಪವಲ್ಲ. ಅದು ಕೆಳಗಿನ ಮನೆಯವರ ಧರೆಗೆ ಇಳಿಯದಂತೆ ದಾರಿ ಮಾಡುವುದು ನಿಮ್ಮ ಜವಾಬ್ದಾರಿ.

ಇಷ್ಟು ಮಳೆಯ ಊರಿನಲ್ಲಿ ಬಾವಿ ಬತ್ತುತ್ತದೆಯೇ ಎಂದು ಹೊಸಬರು ಕೇಳುತ್ತಾರೆ. ಇಳಿಜಾರಿನ ನೀರು ಬೇಗ ಹಳ್ಳ ಸೇರುವುದರಿಂದ ಏಪ್ರಿಲ್ ಹೊತ್ತಿಗೆ ಅನೇಕ ಬಾವಿಗಳ ತಳ ಕಾಣುತ್ತದೆ. ಮೇ ತಿಂಗಳಲ್ಲಿ ಹಗ್ಗಕ್ಕೆ ಕಲ್ಲು ಕಟ್ಟಿ ಇಳಿಬಿಟ್ಟು ಎಷ್ಟು ಅಡಿ ನೆನೆಯಿತು ನೋಡಿ. 6 ಅಡಿ ಅಗಲದ ದುಂಡು ಬಾವಿಯಲ್ಲಿ ಒಂದಡಿ ನೀರೆಂದರೆ ಸುಮಾರು 800 ಲೀಟರ್. ನಾಲ್ಕು ಜನರ ಮನೆಗೆ ದಿನಕ್ಕೆ 500-550 ಲೀಟರ್ ಬೇಕು. ಸಂಜೆ ಒಂದಡಿ ಪಂಪ್ ಮಾಡಿ ಮರುದಿನ ಬೆಳಿಗ್ಗೆ ಮತ್ತೆ ಅಳೆಯಿರಿ. ನೀರು ಮೊದಲಿನ ಮಟ್ಟಕ್ಕೆ ಬಂದಿದ್ದರೆ ಚಿಂತೆಯಿಲ್ಲ. ಕೊಳೆನೀರಿನ ಇಂಗುಗುಂಡಿ ಬಾವಿಗಿಂತ ಕೆಳಗೆ, ಕನಿಷ್ಠ 50 ಅಡಿ ದೂರದಲ್ಲಿರಲಿ. ಚೀರೆಕಲ್ಲಿನಲ್ಲಿ ಕೊಳೆನೀರು ಸೋಸದೆಯೇ ಹರಿದುಬಿಡುತ್ತದೆ.

ಮನೆಗೆ ಇಳಿಜಾರು ಮಾಡೇ ಸರಿ. ಆರ್‌ಸಿಸಿ ಹಾಕಿದವರೂ ನಾಲ್ಕು ಮಳೆಗಾಲ ಕಳೆಯುವುದರೊಳಗೆ ಅದರ ಮೇಲೆ ಶೀಟು ಹೊದೆಸುತ್ತಾರೆ. ಮಾಡು ಗೋಡೆಯಿಂದ 3 ಅಡಿ ಮುಂದೆ ಚಾಚಿರಲಿ, ಪಶ್ಚಿಮ ಮತ್ತು ನೈಋತ್ಯದ ಕಡೆ ಇನ್ನೂ ಹೆಚ್ಚು, ಇರಚಲು ಹೊಡೆಯುವುದು ಆ ಬದಿಗೇ. ಕಪಾಟನ್ನು ಹೊರಗೋಡೆಗೆ ಆನಿಸಿ ಇಡಬೇಡಿ, ಆಗಸ್ಟ್‌ನಲ್ಲಿ ಬಾಗಿಲು ತೆಗೆದರೆ ರೇಷ್ಮೆ ಸೀರೆಯ ಮಡಿಕೆಗೂ, ಚಪ್ಪಲಿಗೂ ಬಿಳಿ ಬೂಷ್ಟು ಹಿಡಿದಿರುತ್ತದೆ. ಸೋಲಾರ್ ಹೀಟರ್ ಮಳೆಗಾಲಕ್ಕಿಲ್ಲ, ಬಚ್ಚಲಲ್ಲಿ ಹಂಡೆ ಒಲೆಗೆ ಜಾಗ ಬಿಡಿ. ಮರ ಬಿದ್ದು ಲೈನು ಹೋದರೆ ಒಳಹಳ್ಳಿಗಳಲ್ಲಿ ಎರಡು ದಿನವೂ ಆಗಬಹುದು, ಮನೆಯಿಂದ ಕೆಲಸ ಮಾಡುವವರಿಗೆ ಇನ್ವರ್ಟರ್ ಒಂದೇ ಸಾಲದು.

ಕಾಗದಪತ್ರದಲ್ಲಿ ಇಲ್ಲಿನ ವಿಶೇಷ ಸೊಪ್ಪಿನ ಬೆಟ್ಟ. ಅದು ಅಡಿಕೆ ತೋಟಕ್ಕೆ ಸೊಪ್ಪು, ದರಕು (ಒಣಗಿ ಉದುರಿದ ಎಲೆ) ತರಲು ಕೊಟ್ಟ ಸವಲತ್ತು, ಮನೆ ಕಟ್ಟುವ ಜಾಗವಲ್ಲ. ಅರಣ್ಯ ಅತಿಕ್ರಮಣದ ಜಾಗವನ್ನೂ ‘ಎಷ್ಟೋ ವರ್ಷದಿಂದ ನಮ್ಮದೇ’ ಎಂದು ತೋರಿಸುವುದುಂಟು. ಪಹಣಿಯ 9ನೇ (ಮಾಲೀಕರ) ಮತ್ತು 11ನೇ (ಸಾಲ, ಇತರ ಹಕ್ಕುಗಳ) ಕಾಲಂ ಓದಿ. ಪಹಣಿ, ಬಿನ್‌ಶೇತ್ಕಿ (ಕೃಷಿಯೇತರ ಬಳಕೆಯ) ಆದೇಶ, ಸರ್ವೆ ನಕ್ಷೆ, ಪಂಚಾಯ್ತಿ ವ್ಯಾಪ್ತಿಯಾದರೆ ಇ-ಸ್ವತ್ತು, ಇವೆಲ್ಲದರಲ್ಲೂ ಒಂದೇ ಸರ್ವೆ ನಂಬರ್, ಒಂದೇ ಕ್ಷೇತ್ರವಿರಬೇಕು. ಮನೆವರೆಗಿನ ದಾರಿ ಯಾರ ಜಮೀನಿನಲ್ಲಿದೆ ಎಂಬುದನ್ನೂ ನಕ್ಷೆಯಲ್ಲೇ ನೋಡಿ.

ಕಾಡಿಗೆ ಹೊಂದಿದ ಮನೆಯಾದರೆ ಮಂಗನ ಕಾಯಿಲೆಯ ಬಗ್ಗೆ ತಿಳಿದಿರಬೇಕು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಇದು ಉಣುಗಿನಿಂದ (ಉಣ್ಣೆ ಹುಳದಿಂದ) ಹರಡುತ್ತದೆ, ಡಿಸೆಂಬರ್‌ನಿಂದ ಮೇವರೆಗೆ ಜೋರು. ಆ ದಿನಗಳಲ್ಲಿ ದರಕಿನಲ್ಲಿ ಕೂರಬೇಡಿ, ಕಾಡಿನಿಂದ ಬಂದವರು ಬಿಸಿನೀರಲ್ಲಿ ಮಿಂದು ಬಟ್ಟೆ ಬದಲಿಸಬೇಕು. ಸತ್ತ ಮಂಗ ಕಂಡರೆ ಮುಟ್ಟದೆ ಆರೋಗ್ಯ ಇಲಾಖೆಗೆ ತಿಳಿಸಿ.

ಕೊನೆಯದು ರಸ್ತೆ. ಕುಮಟಾಕ್ಕೆ ದೇವಿಮನೆ ಘಟ್ಟ ಇಳಿಯಬೇಕು, ಮಳೆಗಾಲದಲ್ಲಿ ಅದು ಯಾವಾಗ ಬಂದಾಗುತ್ತದೆಂದು ಹೇಳಲಾಗದು. 2021ರ ಜುಲೈನಲ್ಲಿ ಯಲ್ಲಾಪುರದ ಕಳಚೆ ಊರಿನ ಗುಡ್ಡ ಕುಸಿಯಿತು, 2024ರ ಜುಲೈ 16ರಂದು ಅಂಕೋಲಾದ ಶಿರೂರಿನಲ್ಲಿ ಹೆದ್ದಾರಿಯ ಮೇಲೇ ಗುಡ್ಡ ಬಂತು. ಶಿರಸಿಯಲ್ಲಿ ಸರ್ಕಾರಿ ಆಸ್ಪತ್ರೆ, ಖಾಸಗಿ ದವಾಖಾನೆಗಳಿದ್ದರೂ ಹೃದಯ, ಮೆದುಳಿನ ದೊಡ್ಡ ಚಿಕಿತ್ಸೆಗೆ ಸುಮಾರು 100 ಕಿ.ಮೀ. ದೂರದ ಹುಬ್ಬಳ್ಳಿಗೋ, ಘಟ್ಟ ಇಳಿದು ಮಣಿಪಾಲಕ್ಕೋ ಹೋಗುವವರೇ ಹೆಚ್ಚು. ಮನೆಯಲ್ಲಿ ಹೃದ್ರೋಗಿಗಳೋ ವಯಸ್ಸಾದ ಅಪ್ಪ-ಅಮ್ಮನೋ ಇದ್ದರೆ ಪಟ್ಟಣದಿಂದ 3-4 ಕಿ.ಮೀ. ಒಳಗೇ, ಹಳ್ಳ ದಾಟಬೇಕಿಲ್ಲದ ಕಡೆ ಜಾಗ ಹುಡುಕಿ. ಜಾಗ ಒಪ್ಪಿಗೆಯಾದ ಮೇಲೆ, ಬೆಲೆ ಮಾತಾಡುವ ಮೊದಲು, ಜುಲೈನ ಒಂದು ರಾತ್ರಿ ಆ ಮನೆಯಂಗಳದಿಂದ ಆಸ್ಪತ್ರೆಯ ಬಾಗಿಲವರೆಗೆ ಕಾರು ಓಡಿಸಿ, ಎಷ್ಟು ನಿಮಿಷ ಬೇಕಾಯಿತೆಂದು ಬರೆದಿಟ್ಟುಕೊಳ್ಳಿ.