ಕಾಗದಿ ಲಿಂಬೆ, ಗಜಲಿಂಬೆ ಮತ್ತು ನನ್ನ ಲೆಮನ್ ಬಾರ್: ಒಂದು ಅನುಭವ

ಬೆಣ್ಣೆಯ ಗರಿ ತಳದ ಮೇಲೆ ಲಿಂಬೆಯ ಹೂರಣವಿರುವ ಲೆಮನ್ ಬಾರ್ ಎಂಬ ಸಿಹಿತಿಂಡಿ ನಮ್ಮ ಕಡೆಯ ಲಿಂಬೆಹಣ್ಣಿನಿಂದ ಆಗುವುದಿಲ್ಲ, ಅದಕ್ಕೆ ಹೊರದೇಶದ ದೊಡ್ಡ ಹಳದಿ ಲೆಮನ್ನೇ ಬೇಕು ಎಂದು ನನಗೆ ಹೇಳಿದವರು ಒಬ್ಬಿಬ್ಬರಲ್ಲ. ಮಡಗಾಂವಿನಲ್ಲಿ ನಾಲ್ಕು ದಿನಗಳ ಬೇಕಿಂಗ್ ತರಗತಿಗೆ ಹೋದಾಗ ಕಲಿಸುತ್ತಿದ್ದವರೇ ಹಾಗೆಂದರು. ಕಾರವಾರಕ್ಕೆ ಮರಳಿದ ಮೇಲೆ, ಕ್ರಿಸ್ಮಸ್ಸಿಗೆ ಬೇಬಿಂಕ ಎಂಬ ಏಳು ಪದರದ ಗೋವೆಯ ಸಿಹಿ ಮಾಡುವ ನಮ್ಮ ಓಣಿಯ ಹಿರಿಯ ಹೆಂಗಸು, ನಾವೆಲ್ಲ ಬಾಯಿ ಎಂದು ಕರೆಯುವವರು, ಅವರೂ ಅದನ್ನೇ ಹೇಳಿ, ಹುಳಿ ಹಣ್ಣು ಪಾನಕಕ್ಕೆ ಸರಿ, ಬೆಣ್ಣೆಯನ್ನು ಸುಮ್ಮನೆ ಹಾಳು ಮಾಡಬೇಡ ಎಂದು ಬುದ್ಧಿ ಹೇಳಿದರು. ಮನೆಯಲ್ಲಂತೂ ಲೆಮನ್ ಬಾರ್ ಮಾಡುತ್ತೇನೆ ಎಂದ ದಿನ ಮಾವನವರು ಪತ್ರಿಕೆಯಿಂದ ತಲೆಯೆತ್ತಿ, ಊರಿನಲ್ಲಿರುವ ಬಾರುಗಳು ಸಾಲವೇ ಎಂದು ಕೇಳಿದರು. ಕಳೆದ ಡಿಸೆಂಬರಿನಲ್ಲಿ ಒಂಬತ್ತು ದಿನಗಳಲ್ಲಿ 22 ತಟ್ಟೆ, ಅಂದರೆ ಸುಮಾರು 350 ತುಂಡುಗಳನ್ನು ಮಾಡಿ ಮಾರಿದ್ದೇನೆ. ಅದರಲ್ಲಿ ಎರಡು ತಟ್ಟೆ ಅದೇ ಬಾಯಿಯವರ ಮನೆಗೆ ಹೋದವು.

ಮೈದಾ, ಬೆಣ್ಣೆ, ಸಕ್ಕರೆಗಳ ತಳವನ್ನು ಮೊದಲು ಬೇಯಿಸಿ, ಮೇಲೆ ಮೊಟ್ಟೆ ಮತ್ತು ಲಿಂಬೆಯ ಹೂರಣವನ್ನು ಸುರಿದು ಮತ್ತೊಮ್ಮೆ ಬೇಯಿಸುವ ಕ್ರಮ ಓವನ್ ಇಟ್ಟುಕೊಂಡವರಿಗೆಲ್ಲ ಗೊತ್ತಿರುವುದರಿಂದ ಅದನ್ನು ಇಲ್ಲಿ ವಿವರಿಸುವುದಿಲ್ಲ. ನಾನಿಲ್ಲಿ ಬರೆಯುತ್ತಿರುವುದು ಕೆಟ್ಟುಹೋದ ತಟ್ಟೆಗಳ ಲೆಕ್ಕವನ್ನು ಮತ್ತು ಅವು ಏಕೆ ಕೆಟ್ಟವು ಎಂಬುದನ್ನು.

ಮೊದಲ ತಟ್ಟೆ ಕಹಿಯಾಯಿತು. ಎರಡನೆಯದೂ ಕಹಿಯಾಯಿತು. ಹಣ್ಣಿನ ಜಾತಿಯೇ ಸರಿಯಿಲ್ಲವೆಂದು ನಾನೂ ನಂಬುವ ಹಂತಕ್ಕೆ ಬಂದಿದ್ದೆ. ಆದರೆ ಅದೇ ಹಣ್ಣನ್ನು ದಿನವೂ ಚಿತ್ರಾನ್ನಕ್ಕೆ ಹಿಂಡುತ್ತೇವೆ, ಅಲ್ಲಿ ಕಹಿ ಇಲ್ಲವಲ್ಲ ಎಂದು ಯೋಚಿಸಿದಾಗ ನನ್ನ ತಪ್ಪು ಗೊತ್ತಾಯಿತು. ಕೆಲಸ ಬೇಗ ಮುಗಿಯಲೆಂದು ನಾನು ಹಿಂದಿನ ರಾತ್ರಿಯೇ ಹಣ್ಣುಗಳನ್ನು ಹಿಂಡಿ ರಸವನ್ನು ಫ್ರಿಜ್ಜಿನಲ್ಲಿ ಇಡುತ್ತಿದ್ದೆ. ಲಿಂಬೆಯ ಜಾತಿಯ ಹಣ್ಣುಗಳ ರಸ ಹಿಂಡಿದಾಗ ಕಹಿ ಇರದಿದ್ದರೂ ಗಂಟೆಗಳು ಕಳೆದಂತೆ ಕಹಿಯಾಗುತ್ತ ಹೋಗುತ್ತದೆ. ಬೀಜವೂ ಬಿಳಿ ಪದರವೂ ಅದರಲ್ಲಿ ಬಿದ್ದಿದ್ದರೆ ಇನ್ನೂ ಹೆಚ್ಚು. ಸಾಲದ್ದಕ್ಕೆ ಕಬ್ಬಿಣದ ಹಿಂಡುಕದಲ್ಲಿ ಕೊನೆಯ ಹನಿಯವರೆಗೆ ಒತ್ತಿ ಸಿಪ್ಪೆಯ ಕಹಿಯನ್ನೂ ಸೇರಿಸಿದ್ದೆ. ಈಗ ತಳ ಓವನ್ನಿನಲ್ಲಿ ಬೇಯುತ್ತಿರುವಾಗಲೇ ಕೈಯಿಂದ ಹಿಂಡಿ, ಸೋಸಿ, ಹತ್ತು ನಿಮಿಷದೊಳಗೆ ಬಳಸುತ್ತೇನೆ. ಹಣ್ಣನ್ನು ಸಂತೆಯಿಂದ ತಂದ ದಿನವೇ ಮುಟ್ಟುವುದೂ ಇಲ್ಲ. ಭಾನುವಾರ ತಂದ ಹಸಿರು ಹಣ್ಣನ್ನು ಬುಧವಾರದವರೆಗೆ ಹೊರಗಿಟ್ಟರೆ ಸಿಪ್ಪೆ ಹಳದಿಯಾಗಿ ತೆಳ್ಳಗಾಗುತ್ತದೆ, ರಸವೂ ಸುಲಭವಾಗಿ ಬರುತ್ತದೆ.

ಮೂರನೆಯ ತಟ್ಟೆಯಲ್ಲಿ ಕಹಿ ಹೋಯಿತು, ಆದರೆ ನಾಣ್ಯವನ್ನು ನೆಕ್ಕಿದಂಥ ರುಚಿ ಬಂತು. ಅದಕ್ಕೆ ಕಾರಣ ಅಲ್ಯೂಮಿನಿಯಮ್ ತಟ್ಟೆ. ಅಲ್ಯೂಮಿನಿಯಮ್ಮಿನಲ್ಲಿ ಹುಳಿ ಬೇಯಿಸಬಾರದೆಂದು ಅಮ್ಮ ಚಿಕ್ಕಂದಿನಿಂದ ಹೇಳಿದ್ದನ್ನು ಸಾರಿಗೆ ಮಾತ್ರ ಅನ್ವಯಿಸಿಕೊಂಡಿದ್ದ ನನ್ನ ದಡ್ಡತನಕ್ಕೆ ಅರ್ಧ ಪೊಟ್ಟಣ ಬೆಣ್ಣೆ ಹೋಯಿತು. ಈಗ ಅದೇ 8 ಇಂಚಿನ ತಟ್ಟೆಗೆ ಬೇಕಿಂಗ್ ಕಾಗದವನ್ನು ನಾಲ್ಕೂ ಅಂಚುಗಳ ಮೇಲೆ ಬರುವಂತೆ ಹಾಸುತ್ತೇನೆ; ಹುಳಿಯೂ ತಾಗುವುದಿಲ್ಲ, ಬೆಂದ ಮೇಲೆ ಇಡಿಯಾಗಿ ಎತ್ತಲೂ ಬರುತ್ತದೆ.

ಕಹಿ ಹೋದ ಮೇಲೆ ಪರಿಮಳ ಸಾಲದು ಎಂಬ ಹೊಸ ಚಿಂತೆ ಶುರುವಾಯಿತು. ನಮ್ಮ ಕಾಗದಿ ಲಿಂಬೆಯ ರಸಕ್ಕೆ ಹುಳಿ ಜೋರು, ಆದರೆ ಹೆಸರಿಗೆ ತಕ್ಕಂತೆ ಸಿಪ್ಪೆ ಕಾಗದದಷ್ಟೇ ತೆಳುವು, ತುರಿಯಲು ಹೋದರೆ ಎರಡನೆಯ ಎಳೆತಕ್ಕೇ ಬಿಳಿ ಪದರ ಬಂದುಬಿಡುತ್ತದೆ. ಶಿರಸಿಯಿಂದ ಹುಲೇಕಲ್ಲಿಗೆ ಹೋಗುವ ದಾರಿಯಲ್ಲಿರುವ ನನ್ನ ತವರಿನ ತೋಟದಂಚಿನಲ್ಲಿ ಒಂದು ಗಜಲಿಂಬೆಯ ಮರವಿದೆ. ದಪ್ಪ ಸಿಪ್ಪೆಯ, ಕೈಗೆ ತಾಗಿದರೆ ಸಂಜೆಯವರೆಗೂ ಪರಿಮಳ ಹೋಗದ ಆ ಹಣ್ಣನ್ನು ಅಮ್ಮ ಉಪ್ಪಿನಕಾಯಿಗೆ ಬಿಟ್ಟರೆ ಬೇರೆ ಯಾವುದಕ್ಕೂ ಕೊಡುತ್ತಿರಲಿಲ್ಲ. ಗೌರಿಹಬ್ಬಕ್ಕೆ ಹೋದವಳು ನಾಲ್ಕು ಹಣ್ಣುಗಳನ್ನು ಕೇಳಿ ತಂದು, ಸಿಪ್ಪೆಯ ಮೇಲ್ಮೈಯನ್ನಷ್ಟೇ ತೆಳ್ಳಗೆ ತುರಿದು, ಆ ತುರಿಯನ್ನು ಸಕ್ಕರೆಯಲ್ಲಿ ಹಾಕಿ ಬೆರಳುಗಳಿಂದ ಐದು ನಿಮಿಷ ತಿಕ್ಕಿದೆ. ಸಕ್ಕರೆ ಒದ್ದೆ ಮರಳಿನಂತಾಗಿ ಹಳದಿ ಬಣ್ಣಕ್ಕೆ ತಿರುಗಿತು. ಆ ತಟ್ಟೆಯನ್ನು ಓವನ್ನಿನಿಂದ ತೆಗೆದಾಗ ಮೇಲಿನ ಮನೆಯವರು ಇಳಿದುಬಂದು ಏನು ಮಾಡುತ್ತಿದ್ದೀರಿ ಎಂದು ಕೇಳಿದರು. ಹುಳಿಗೆ ಕಾಗದಿ, ಪರಿಮಳಕ್ಕೆ ಗಜಲಿಂಬೆ: ಪೇಟೆಯಲ್ಲಿ ಕಿಲೋಕ್ಕೆ ನೂರಾರು ರೂಪಾಯಿ ಕೊಟ್ಟು ತರುವ ಹಳದಿ ಲೆಮನ್ನಿನಲ್ಲಿ ಇದಕ್ಕಿಂತ ಹೆಚ್ಚಿನದೇನೂ ಇಲ್ಲವೆಂದು ಈಗ ಧೈರ್ಯವಾಗಿ ಹೇಳುತ್ತೇನೆ. ಕಾಗದಿಯ ಹುಳಿ ತೀಕ್ಷ್ಣವಾದ್ದರಿಂದ ಹೊರದೇಶದ ಅಳತೆಯಲ್ಲಿ 110 ಮಿಲಿ ರಸವೆಂದು ಇದ್ದರೆ ನಾನು 85ರ ಆಸುಪಾಸಿಗೆ ನಿಲ್ಲಿಸುತ್ತೇನೆ. ಐದಾರು ಹಣ್ಣುಗಳು ಬೇಕಾಗುತ್ತವೆ. ಅದಕ್ಕೆ ಮೂರು ಮೊಟ್ಟೆ, ಇನ್ನೊಂದು ಮೊಟ್ಟೆಯ ಹಳದಿ ಭಾಗ, 200 ಗ್ರಾಮ್ ಸಕ್ಕರೆ, ಎರಡು ಚಮಚ ಮೈದಾ.

ಇಷ್ಟೆಲ್ಲ ಆದರೂ ಹೂರಣ ತಳದ ಕೆಳಗೆ ಇಳಿದು, ತಳವೇ ಮೇಲೆ ತೇಲಿ ಬಂದ ತಟ್ಟೆಗಳು ಮೂರೋ ನಾಲ್ಕೋ ಇವೆ. ತಳದಲ್ಲಿ ಬಿರುಕಿದ್ದರೆ ಹಾಗಾಗುತ್ತದೆ, ಮತ್ತು ನನ್ನ ತಳದಲ್ಲಿ ಬಿರುಕು ಬರಲು ಕಾರಣ ಮನೆಯಲ್ಲೇ ಕಡೆದ ಬೆಣ್ಣೆ. ಹಣ ಉಳಿಸಲೆಂದು ಅದನ್ನು ಹಾಕಿದ್ದೆ. ಪೊಟ್ಟಣದ ಬೆಣ್ಣೆಯಲ್ಲಿ ನೂರಕ್ಕೆ ಎಂಬತ್ತರಷ್ಟು ಕೊಬ್ಬಿರುತ್ತದೆ, ಮನೆಯ ಬೆಣ್ಣೆಯನ್ನು ಎಷ್ಟು ಹಿಂಡಿದರೂ ನೀರು ಉಳಿದೇ ಇರುತ್ತದೆ. ಆ ನೀರು ಬೇಯುವಾಗ ಆವಿಯಾಗಿ ತಳ ಕುಗ್ಗಿ ಸೀಳುತ್ತದೆ. ತುಪ್ಪದಲ್ಲಿಯೂ ಮಾಡಿ ನೋಡಿದೆ. ಬೆಣ್ಣೆಯ ಐದರಲ್ಲಿ ನಾಲ್ಕು ಪಾಲಿನಷ್ಟು ತುಪ್ಪ ಹಾಕಿದರೆ ಒಳ್ಳೆಯ ನಾನ್‌ಖಟಾಯ್ ಆಗುತ್ತದೆಯೇ ಹೊರತು ಕತ್ತರಿಸಿದರೆ ಉದುರದ ತಳವಾಗುವುದಿಲ್ಲ. ಕೊನೆಗೆ ಉಪ್ಪಿಲ್ಲದ ಪೊಟ್ಟಣದ ಬೆಣ್ಣೆಗೇ ಮರಳಿದೆ: 115 ಗ್ರಾಮ್ ಬೆಣ್ಣೆಗೆ ಸುಮಾರು 140 ಗ್ರಾಮ್ ಮೈದಾ. ತಳವನ್ನು ಅಂಚು ಕೆಂಪಾಗುವವರೆಗೆ ಬೇಯಿಸಿ, ಅದು ಬಿಸಿಯಿರುವಾಗಲೇ ಹೂರಣ ಸುರಿಯಬೇಕು. ತಾಗಿದ ಕೂಡಲೇ ಕೆಳಗಿನ ಪದರ ಗಟ್ಟಿಯಾಗಿ ದಾರಿ ಮುಚ್ಚುತ್ತದೆ. ಬಿರುಕಿಗೆ ನಾನು ಹಚ್ಚುವ ಇನ್ನೊಂದು ವಸ್ತುವಿದೆ, ಅದನ್ನು ಮಾತ್ರ ಸದ್ಯಕ್ಕೆ ಹೇಳುವುದಿಲ್ಲ.

ಉಳಿದ ತಟ್ಟೆಗಳನ್ನೆಲ್ಲ ಕೆಡಿಸಿದ್ದು ಉರಿ. ನನ್ನ 28 ಲೀಟರಿನ ಓಟಿಜಿಯ, ಅಂದರೆ ಪುಟ್ಟ ವಿದ್ಯುತ್ ಓವನ್ನಿನ, ಗುಂಡಿ 160 ಡಿಗ್ರಿ ಎಂದು ತೋರಿಸುವಾಗ ಒಳಗೆ 185 ಇರುತ್ತದೆಂದು ತಿಳಿಯಲು 400 ರೂಪಾಯಿಯ ಥರ್ಮಾಮೀಟರ್ ಬೇಕಾಯಿತು. ಅದನ್ನು ಮೊದಲೇ ಕೊಂಡಿದ್ದರೆ ಎಷ್ಟೋ ಹಣ ಉಳಿಯುತ್ತಿತ್ತು. ಮೇಲ್ಭಾಗ ಸೀಳಿ, ಮೊಟ್ಟೆಯ ವಾಸನೆ ಎದ್ದು, ಹೂರಣ ಗಿಣ್ಣಿನಂತೆ ರಂಧ್ರ ರಂಧ್ರವಾದದ್ದಕ್ಕೆಲ್ಲ ಇದೊಂದೇ ಕಾರಣವಾಗಿತ್ತು. ಈಗ ನಿಜವಾದ 155ರಲ್ಲಿ ಹದಿನೆಂಟು ನಿಮಿಷ ಇಟ್ಟು, ತಟ್ಟೆಯನ್ನು ಅಲುಗಿಸಿದರೆ ಅಂಚು ನಿಂತು ನಡುಭಾಗ ಮಾತ್ರ ನಡುಗುವಾಗಲೇ ಹೊರಗೆ ತೆಗೆಯುತ್ತೇನೆ. ಬೆಂದಿಲ್ಲವೆಂದು ಎಲ್ಲರಿಗೂ ಅನುಮಾನ ಬರುವ ಹದವೇ ಸರಿಯಾದ ಹದ, ಏಕೆಂದರೆ ಉಳಿದದ್ದು ತನ್ನ ಬಿಸಿಯಲ್ಲೇ ಗಟ್ಟಿಯಾಗುತ್ತದೆ. ಹೂರಣವನ್ನು ನೊರೆ ಬರುವಂತೆ ಕಡೆಯಲೂಬಾರದು; ಕಡೆದರೆ ಮೇಲೆ ಬಿಳಿಯ ಪೊರೆ ಕಟ್ಟುತ್ತದೆ. ತಣಿದ ಮೇಲೆ ನಾಲ್ಕು ಗಂಟೆ ಫ್ರಿಜ್ಜಿನಲ್ಲಿಟ್ಟು, ಚಾಕುವನ್ನು ಬಿಸಿನೀರಿನಲ್ಲಿ ಅದ್ದಿ, ಪ್ರತಿ ಸಲವೂ ಒರೆಸಿ ಕತ್ತರಿಸುತ್ತೇನೆ.

ಕರಾವಳಿಯವರಿಗೆ ಮಾತ್ರ ಅರ್ಥವಾಗುವ ಕಷ್ಟವೊಂದಿದೆ. ಜೂನ್ ತಿಂಗಳಲ್ಲಿ ಮೇಲೆ ಸಕ್ಕರೆಪುಡಿ ಉದುರಿಸಿದರೆ ಕಾರವಾರದೊಳಗೇ ಕೋಡಿಬಾಗದಿಂದ ಬಸ್‌ನಿಲ್ದಾಣ ಮುಟ್ಟುವಷ್ಟರಲ್ಲಿ ಅದು ಪಾಕವಾಗಿರುತ್ತದೆ. ಕಾಳಿ ನದಿಯ ಕಡೆಯಿಂದಲೂ ಕಡಲಿನ ಕಡೆಯಿಂದಲೂ ಬರುವ ತೇವಕ್ಕೆ ಉಪ್ಪೇ ನೀರಾಗುವ ಊರಿನಲ್ಲಿ ಸಕ್ಕರೆಯ ಗತಿ ಏನು? ಪುಡಿಗೆ ಕಾರ್ನ್‌ಫ್ಲೋರ್ ಬೆರೆಸಿದರೆ ಅರ್ಧ ಗಂಟೆ ತಡೆಯುತ್ತದೆ. ಅದರ ಜೊತೆ ಇನ್ನೊಂದನ್ನು ಬೆರೆಸಿ ಅರ್ಧ ದಿನ ತಡೆಯುವಂತೆ ಮಾಡಿಕೊಂಡಿದ್ದೇನೆ. ಅದು ನನ್ನ ಹೊಟ್ಟೆಪಾಡಿನ ಗುಟ್ಟಾದ್ದರಿಂದ ಓದುಗರು ಕ್ಷಮಿಸಬೇಕು. ಮಳೆಗಾಲದಲ್ಲಿ ವಿದ್ಯುತ್ ಹೋಗಿ ಅರೆಬೆಂದು ನಿಂತ ತಟ್ಟೆಗಳಿಗೆ ಮಾತ್ರ ನನ್ನಲ್ಲಿ ಯಾವ ಉಪಾಯವೂ ಇಲ್ಲ. ಆಷಾಢದಲ್ಲಿ ಒಂದು ತಟ್ಟೆಗಿಂತ ಹೆಚ್ಚು ಒಪ್ಪಿಕೊಳ್ಳುವುದಿಲ್ಲ.

ಹಣದ ಮಾತಿಗೆ ಬಂದರೆ, ಮೊದಲ ವರ್ಷ ಹದಿನಾಲ್ಕು ತಟ್ಟೆಗಳಾದರೂ ಕೆಟ್ಟಿರಬೇಕು, ಸಾಮಾನಿಗೆಲ್ಲ ಸೇರಿ ಮೂರು ಸಾವಿರದಷ್ಟು ಹೋಯಿತು. ಆ ವರ್ಷ 2022. ಏಪ್ರಿಲಿನಲ್ಲಿ ಲಿಂಬೆಹಣ್ಣು ಒಂದಕ್ಕೆ ಹತ್ತು ರೂಪಾಯಿ ಮುಟ್ಟಿ, ನಾನು ಕಲಿಯಲು ಆರಿಸಿಕೊಂಡ ಕಾಲಕ್ಕೆ ಮನೆಯವರೆಲ್ಲ ನಕ್ಕಿದ್ದರು. ಈಗ ಒಂದು ತಟ್ಟೆಗೆ ಬೆಣ್ಣೆ 70, ಮೊಟ್ಟೆ 28, ಹಣ್ಣು 25ರಿಂದ 30, ಸಕ್ಕರೆ ಮೈದಾ ಸೇರಿ 20, ವಿದ್ಯುತ್ತು, ಕಾಗದ, ಡಬ್ಬಿಗಳಿಗೆ ಮೂವತ್ತೈದು ಎಂದು ಹಿಡಿದರೆ 180 ರೂಪಾಯಿ ಬೀಳುತ್ತದೆ. ಹದಿನಾರು ತುಂಡುಗಳನ್ನು 35ರಂತೆ ಮಾರಿದರೆ 560 ಬರುತ್ತದೆ. ನನ್ನ ಕೂಲಿಯನ್ನು ಲೆಕ್ಕಕ್ಕೆ ಹಿಡಿದಿಲ್ಲ. ಹಿಡಿದರೆ ಸಂತೋಷ ಕಡಿಮೆಯಾಗುತ್ತದೆ. ಕೊಳ್ಳುವವರಲ್ಲಿ ನೌಕಾನೆಲೆಯ ಮತ್ತು ಕೈಗಾ ಅಣುಸ್ಥಾವರದ ಕುಟುಂಬಗಳು ಹೆಚ್ಚು. ಊರಿನವರು ಇದನ್ನು ಲಿಂಬೆ ಬರ್ಫಿ ಎಂದೇ ಕೇಳುತ್ತಾರೆ, ನಾನೂ ತಿದ್ದುವುದನ್ನು ಬಿಟ್ಟಿದ್ದೇನೆ.

ನಡುವೆ ಕೆಲವು ಹುಚ್ಚು ಪ್ರಯೋಗಗಳನ್ನೂ ಮಾಡಿದೆ. ಲಿಂಬೆಯ ಬದಲು ಮುರುಗಲಿನ (ಕೋಕಂ) ರಸ ಹಾಕಿದಾಗ ಆ ಚೆಂದದ ಕೆಂಪು ಮೊಟ್ಟೆಯ ಹಳದಿಯೊಂದಿಗೆ ಬೆರೆತು ಹಳೆಯ ಹೆಂಚಿನ ಬಣ್ಣಕ್ಕೆ ಬಂತು. ರುಚಿ ಚೆನ್ನಾಗಿತ್ತು, ಆದರೆ ಕಣ್ಣು ಮುಚ್ಚಿ ತಿನ್ನಿ ಎಂದು ಗಿರಾಕಿಗೆ ಹೇಳಲಾಗದು. ಸಕ್ಕರೆಯ ಬದಲು ಶಿರಸಿಯ ಜೋನಿಬೆಲ್ಲ, ಅಂದರೆ ಪಾಕದಂಥ ಬೆಲ್ಲ, ಹಾಕಿದ್ದು ಗಟ್ಟಿಯಾಗಲೇ ಇಲ್ಲ. ಜೋನಿಬೆಲ್ಲವನ್ನು ದೋಸೆಗೆ ಹಚ್ಚಿಕೊಳ್ಳುವುದೇ ಸರಿ. ಹೆಚ್ಚು ಕಾಲ ಹಿಡಿದದ್ದು ಮೊಟ್ಟೆಯಿಲ್ಲದ ಬಗೆ, ಏಕೆಂದರೆ ತವರಿನ ಅಡುಗೆಮನೆಗೆ ಮೊಟ್ಟೆಯ ಪ್ರವೇಶವಿಲ್ಲ, ಮತ್ತು ಹಣ್ಣು ಕೊಟ್ಟವರಿಗೇ ತಿನ್ನಿಸಲಾಗದಿದ್ದರೆ ಏನು ಬಂತು? ತೆಂಗಿನಹಾಲು, ಸಕ್ಕರೆ, ಕಾರ್ನ್‌ಫ್ಲೋರ್ ಕಾಯಿಸಿ ಮಾಡಿದ ಹೂರಣ ಒಲೆಯ ಮೇಲೆ ಗಟ್ಟಿಯಾಗಿ, ಲಿಂಬೆರಸ ಹಾಕಿ ಕುದಿಸಿದ ಕೂಡಲೇ ಗಂಜಿಯಂತೆ ನೀರಾಗುತ್ತಿತ್ತು. ಹುಳಿಯೊಂದಿಗೆ ಕುದಿದರೆ ಪಿಷ್ಟದ ಹಿಡಿತ ಸಡಿಲವಾಗುತ್ತದೆ. ಪೂರ್ತಿ ಗಟ್ಟಿಯಾದ ಮೇಲೆ ಒಲೆಯಿಂದ ಇಳಿಸಿ, ಕೊನೆಯಲ್ಲಿ ರಸ ಬೆರೆಸಿದಾಗ ಐದನೆಯ ಸಲಕ್ಕೆ ನಿಂತಿತು. ಮೊಟ್ಟೆಯದರ ನಯ ಅದಕ್ಕೆ ಬರುವುದಿಲ್ಲ, ಆದರೂ ಕಳೆದ ದೀಪಾವಳಿಗೆ ಒಯ್ದ ತಟ್ಟೆ ಮಧ್ಯಾಹ್ನದ ಊಟಕ್ಕೆ ಮೊದಲೇ ಖಾಲಿಯಾಯಿತು.

ಈಗ ಉಳಿದಿರುವ ತಕರಾರು ಅಮ್ಮನದು. ತುರಿ ತೆಗೆದ ಗಜಲಿಂಬೆಗಳನ್ನು ಉಪ್ಪಿನಕಾಯಿಗೆಂದು ಶಿರಸಿಗೆ ಹಿಂದಿರುಗಿಸಿದ್ದೆ. ಚರ್ಮ ಸುಲಿದ ಹಣ್ಣಿನಲ್ಲಿ ಉಪ್ಪಿನಕಾಯಿ ಹಾಕುವವರು ಯಾರು ಎಂದು ಆಕೆ ಫೋನಿನಲ್ಲೇ ಗದರಿದಳು. ಅಂದಿನಿಂದ ಮರದಲ್ಲಿರುವ ಕಾಯಿಗಳನ್ನು ಎಣಿಸಿ ಇಟ್ಟಿದ್ದಾಳೆ. ಈ ವರ್ಷ ನನ್ನ ಪಾಲಿಗೆ ಇಪ್ಪತ್ತು ಎಂದು ತೀರ್ಮಾನವಾಗಿದೆ, ತಟ್ಟೆಗೊಂದು ಹಣ್ಣು ಎಂದರೂ ಡಿಸೆಂಬರಿಗೆ ಸಾಲುವುದಿಲ್ಲ. ಅದಕ್ಕಾಗಿ ಅದೇ ಮರದಿಂದ ಕಸಿ ಮಾಡಿದ ಒಂದು ಗಿಡವನ್ನು ತಂದು ಇಲ್ಲಿಯ ತಾರಸಿಯ ಮೇಲೆ ಕುಂಡದಲ್ಲಿ ಇಟ್ಟಿದ್ದೇನೆ. ಉಪ್ಪುಗಾಳಿಗೆ ಎರಡು ಸಲ ಎಲೆ ಉದುರಿಸಿ, ಮೂರನೆಯ ಸಲ ಚಿಗುರಿದೆ.