ಟೋಕನ್ ಹಿಡಿದು ಪಾಳಿ ಕಾಯುವ ಬಗೆ

ನಮ್ಮ ಹುಬ್ಬಳ್ಳಿ-ಧಾರವಾಡದ ಕಡೆ ಸರದಿಗೆ ಪಾಳಿ ಎನ್ನುತ್ತೇವೆ. ಪಡಿತರ ಅಂಗಡಿಯ ಮುಂದೆ ಚೀಲವನ್ನೋ ಚಪ್ಪಲಿಯನ್ನೋ ಇಟ್ಟು ನೆರಳಿಗೆ ಹೋದವರ ಜಾಗವನ್ನು ಹಿಂದಿದ್ದವರು ಕಾಯುತ್ತಿದ್ದರು. ಬ್ಯಾಂಕು, ಆಸ್ಪತ್ರೆಗಳಲ್ಲಿ ಈಗ ಆ ಕೆಲಸ ಟೋಕನ್ ಯಂತ್ರದ ಪಾಲಿಗೆ ಬಂದಿದೆ. ಆದರೆ ಯಂತ್ರಕ್ಕೆ ತಿಳಿಯುವುದು ಸಂಖ್ಯೆಗಳ ಕ್ರಮ ಮಾತ್ರ, ಯಾರು ಏಕೆ ಎದ್ದು ಹೋದರು ಎಂಬುದನ್ನು ಕಾಯುವವರೇ ಪರಸ್ಪರ ನಿಭಾಯಿಸಬೇಕಾಗುತ್ತದೆ.

ಟೋಕನ್ ಸಂಖ್ಯೆಯ ಮುಂದೆ ಅಕ್ಷರವಿದ್ದರೆ ಅದು ಸಾಮಾನ್ಯವಾಗಿ ಕೆಲಸದ ಗುರುತು: ನಗದು ಕಟ್ಟುವವರಿಗೆ ಒಂದು, ಖಾತೆಯ ವಿಚಾರಕ್ಕೆ ಬಂದವರಿಗೆ ಇನ್ನೊಂದು. ನಿಮಗಿಂತ ತಡವಾಗಿ ಬಂದವರನ್ನು ಮೊದಲು ಕರೆದರೆ ಮೊದಲು ಆ ಅಕ್ಷರವನ್ನು ನೋಡಿ. ನೋಡದೆ ಒಮ್ಮೆ ದನಿ ಏರಿಸಿ, ಬಳಿಕ ಅರ್ಧ ಗಂಟೆ ತಲೆ ತಗ್ಗಿಸಿ ಕುಳಿತವನು ನಾನು.

ಹತ್ತು ನಿಮಿಷದಲ್ಲಿ ಫಲಕದ ಮೇಲೆ ಎಷ್ಟು ಸಂಖ್ಯೆ ಸರಿಯಿತೆಂದು ಎಣಿಸಿ. ಐದು ಸರಿದು, ನಿಮ್ಮ ಮುಂದೆ 20 ಜನರಿದ್ದರೆ ಸುಮಾರು 40 ನಿಮಿಷ ಕಾಯಬೇಕು. ಚಹಾಕ್ಕೆ ಹೋಗುವವರು ಅದರ ಅರ್ಧ ಹೊತ್ತಿನೊಳಗೆ ಮರಳುವುದು ಒಳ್ಳೆಯದು, ಏಕೆಂದರೆ ಟೋಕನ್ ಪಡೆದು ಮನೆಗೆ ಹೋದವರೂ ಇರುತ್ತಾರೆ, ಆಗ ಸಂಖ್ಯೆಗಳು ಒಮ್ಮೆಲೇ ಓಡುತ್ತವೆ. "ಅಕ್ಕಾರ, ನನ್ನ ನಂಬರ್ ಬಂದ್ರ ಹೊರಗ ಇದ್ದಾನಂತ ಹೇಳ್ರಿ" ಎಂದು ಪಕ್ಕದವರಿಗೆ ತಿಳಿಸಿಯೇ ಏಳಿ. ಕರೆ ತಪ್ಪಿದರೆ ನಡುವೆ ನುಗ್ಗದೆ, ಒಳಗಿರುವವರ ಕೆಲಸ ಮುಗಿದ ಮೇಲೆ ಗುಮಾಸ್ತರನ್ನು ಕೇಳಿ. ಮುಂದಿನ ಸಂಖ್ಯೆಯವರನ್ನೂ ಕೇಳಬೇಕು, ನೀವು ಬಳಸಹೊರಟಿರುವುದು ಅವರ ಹೊತ್ತನ್ನು.

ಫಲಕ ಓದಲಾಗದ ಅಜ್ಜನಿಗೆ ಸಂಖ್ಯೆ ಓದಿ ಹೇಳಿ. ಕೆಲಸ ಒಂದೇ ಬಗೆಯದಾಗಿದ್ದರೆ ನಿಮ್ಮ ಟೋಕನ್ನನ್ನು ಅವರದರೊಡನೆ ಬದಲಿಸಿಕೊಂಡರೂ ಬೇರೆ ಯಾರಿಗೂ ನಷ್ಟವಿಲ್ಲ. ಆದರೆ ಅವರನ್ನು ಎಲ್ಲರಿಗಿಂತ ಮುಂದೆ ಒಯ್ಯುವುದಾದರೆ ಕುಳಿತವರ ಒಪ್ಪಿಗೆ ಪಡೆಯಿರಿ. ಇನ್ನೊಬ್ಬರ ಹೊತ್ತನ್ನು ದಾನ ಮಾಡುವ ಹಕ್ಕು ನಮಗಿಲ್ಲ.

ರೈಲ್ವೆಯ ತತ್ಕಾಲ್ ಟಿಕೆಟಿನ ಪಾಳಿ ಇದಕ್ಕಿಂತ ಜಟಿಲವಾದುದು. ರೈಲು ಹೊರಡುವ ಹಿಂದಿನ ದಿನ ಎಸಿ ದರ್ಜೆಗೆ ಬೆಳಗ್ಗೆ 10ಕ್ಕೆ, ಉಳಿದವಕ್ಕೆ 11ಕ್ಕೆ ಬುಕಿಂಗ್ ತೆರೆಯುತ್ತದೆ. ಕಿಟಕಿಯ ಮುಂದೆ ನಸುಕಿನಲ್ಲೇ ಬಂದವರು ಕಾಗದದ ಮೇಲೆ ಹೆಸರು ಬರೆದಿಟ್ಟು ಪಾಳಿ ನಡೆಸಬಹುದು. ಅದಕ್ಕೆ ಪರಸ್ಪರ ಒಪ್ಪಿಗೆಯೇ ಬಲ. ಅಷ್ಟಾದರೂ ಹುಬ್ಬಳ್ಳಿಯ ಕಿಟಕಿಯೂ ಬೆಂಗಳೂರಿನ ಮೊಬೈಲೂ ಕೈಚಾಚುವುದು ಅದೇ ಸೀಟುಗಳಿಗೆ. ಹೀಗಾಗಿ ಮೂರನೆಯವರಾಗಿ ನಿಂತರೂ ಟಿಕೆಟ್ ಸಿಗದಿದ್ದರೆ ಮುಂದಿದ್ದವರ ಮೇಲಾಗಲಿ ಗುಮಾಸ್ತರ ಮೇಲಾಗಲಿ ಸಿಟ್ಟಾಗುವುದರಲ್ಲಿ ಅರ್ಥವಿಲ್ಲ. ಅರ್ಜಿಯನ್ನು ಮೊದಲೇ ಪೂರ್ತಿ ಬರೆದಿಡಿ, ಒಂದು ಟಿಕೆಟಿಗೆ ನಾಲ್ವರನ್ನು ಮೀರಬೇಡಿ; ಕಿಟಕಿಯಲ್ಲಿ ನೀವು ವಯಸ್ಸು ನೆನಪಿಸಿಕೊಳ್ಳುವಷ್ಟರಲ್ಲಿ ಹಿಂದಿನವರ ಸೀಟು ಹೋಗಿರುತ್ತದೆ. ಆನ್‌ಲೈನಿನಲ್ಲಿ 2025ರ ಜುಲೈ 1ರಿಂದ ಆಧಾರ್ ದೃಢೀಕರಣಗೊಂಡ ಖಾತೆಗಳಿಗೆ ಮಾತ್ರ ತತ್ಕಾಲ್ ದೊರೆಯುವುದರಿಂದ ಆ ಕೆಲಸವನ್ನೂ ಮುಂಚೆಯೇ ಮುಗಿಸಿ.

ವೇಟಿಂಗ್ ಲಿಸ್ಟ್ ಬಂದರೆ ಒಂದು ವ್ಯತ್ಯಾಸ ನೆನಪಿರಲಿ. ಆನ್‌ಲೈನ್ ಟಿಕೆಟಿನಲ್ಲಿ ಚಾರ್ಟ್, ಅಂದರೆ ಸೀಟು ಹಂಚಿಕೆಯ ಪಟ್ಟಿ, ಆದ ಮೇಲೂ ಯಾರಿಗೂ ಸೀಟು ಸಿಗದಿದ್ದರೆ ಅದು ತಾನಾಗಿ ರದ್ದಾಗಿ ಹಣ ಖಾತೆಗೆ ಮರಳುತ್ತದೆ. ಕಿಟಕಿಯಲ್ಲಿ ಪಡೆದುದನ್ನು ರೈಲು ಹೊರಡುವ 30 ನಿಮಿಷ ಮುಂಚಿನವರೆಗೆ ನೀವೇ ರದ್ದು ಮಾಡಿಸಬೇಕು.